ಗೆಳತಿಯ ಪರವಾಗಿ ಸಾಕ್ಷಿ ಹೇಳಿದ್ದು

ಲಗ್ಗೆರೆಯ ಒಂದು ಪ್ರೆಸ್ ಶೆಡ್ಡಿನಲ್ಲಿ ನಾನು ಆರು ವರ್ಷ ಪ್ಯಾಕಿಂಗ್ ಕೆಲಸ ಮಾಡಿದೆ. ತಗಡಿನಿಂದ ವಾಷರ್ ಕತ್ತರಿಸುವ ಪ್ರೆಸ್ ಮಷೀನು ನಡೆಸುತ್ತಿದ್ದವಳು ನೇಪಾಳದಿಂದ ಬಂದ ಹೆಂಗಸು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ದೇಶದ ಗುರುತಿನ ಕಾಗದ ರೈಲಿನಲ್ಲಿ ಬ್ಯಾಗಿನ ಸಮೇತ ಕಳೆದುಹೋಗಿತ್ತು. ಇಲ್ಲಿನ ಆಧಾರ್ ಇರಲಿಲ್ಲ. ಮಾಲೀಕರು ಅದನ್ನೆಲ್ಲ ಕೇಳಿಯೂ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆದಿರಲೂ ಇಲ್ಲ.

ಒಂದು ಮಧ್ಯಾಹ್ನ ಪ್ರೆಸ್ ಇಳಿದು ಅವಳ ಎಡಗೈಯ ಎರಡು ಬೆರಳು ಹೋದವು. ನನ್ನ ವೇಲಿನಲ್ಲಿ ಕೈ ಸುತ್ತಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ವಾರದ ಮೇಲೆ ಇಬ್ಬರೂ ಮಾಲೀಕರ ಮುಂದೆ ಹೋಗಿ ನಿಂತೆವು. ಅವರು ಅವಳ ಕಡೆ ನೋಡಲೇ ಇಲ್ಲ.

"ಇವಳು ನಮ್ಮಲ್ಲಿ ಕೆಲಸ ಮಾಡ್ತಿದ್ಲು ಅಂತ ಎಲ್ಲಿ ಬರೆದಿದೆ? ಜಾಸ್ತಿ ಮಾತಾಡಿದ್ರೆ ಪೊಲೀಸ್‌ನೋರು ಬಾರ್ಡರ್ ದಾಟಿಸ್ತಾರೆ, ಹೇಳಮ್ಮ ಅವಳಿಗೆ."

ಅವಳಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಮನೆ ಹತ್ತಿರ ಬಂದಾಗ, "ಬಿಡಿ ಅಕ್ಕ, ಊರಿಗೆ ಹೋಗ್ತೀನಿ" ಎಂದಳು.

ನನಗೆ ಸಿಟ್ಟು ಬಂತು. ನಮ್ಮ ಬೀದಿಯಲ್ಲೇ ಕಾರ್ಮಿಕರ ಕೇಸು ನಡೆಸುವ ವಕೀಲೆಯೊಬ್ಬರಿದ್ದರು. ಅವರ ಬಳಿಗೆ ಎಳೆದುಕೊಂಡು ಹೋದೆ.

"ನೇಪಾಳದೋರು ಇಲ್ಲಿ ದುಡಿಯೋಕೆ ವೀಸಾ ಬೇಡಮ್ಮ, ಹೆದರ್ಕೋಬೇಡಿ" ಎಂದರು ಅವರು. "ಕಾಗದ ಇಲ್ಲ ಅಂತ ಪರಿಹಾರ ತಪ್ಪಿಸೋಕಾಗಲ್ಲ. ಕೆಲಸ ಮಾಡ್ತಿರುವಾಗ ಪೆಟ್ಟಾಯ್ತು ಅಂತ ತೋರಿಸ್ಬೇಕು. ನೋಡಿದೋರು ಯಾರಾದ್ರೂ ಇದಾರಾ?"

ಸಾಕ್ಷಿ ಹೇಳಿದರೆ ನನ್ನ ಕೆಲಸ ಹೋಗುತ್ತದೆಂದು ಗೊತ್ತಿತ್ತು. "ನಾನಿದ್ದೆ ಮೇಡಂ" ಎಂದೆ.

ಕೆಲಸ ಹೋಗಿಯೇ ಹೋಯಿತು. ಮೂರು ತಿಂಗಳು ಕಷ್ಟಪಟ್ಟು, ಶ್ರೀಗಂಧದ ಕಾವಲು ಬಡಾವಣೆಯ ಅಗರಬತ್ತಿ ಕಾರ್ಖಾನೆಯೊಂದಕ್ಕೆ ಸೇರಿಕೊಂಡೆ. ವಕೀಲೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದರು; ಅದರ ವಿಚಾರಣೆಗೆ ರಜೆ ಹಾಕಿ ಹೋದೆ. ಮಾಲೀಕರ ವಕೀಲರು, ಕಾಗದವೇ ಇಲ್ಲದವಳು ಕೆಲಸಗಾರ್ತಿ ಹೇಗಾದಾಳು ಎಂದು ವಾದಿಸಿದರು. ಅಧಿಕಾರಿ ನನ್ನತ್ತ ತಿರುಗಿದರು. "ಆಯಮ್ಮ ದಿನಾ ಏನ್ ಮಾಡ್ತಿದ್ರು, ಹೇಳಿ."

"ಬೆಳಗ್ಗೆ ಒಂಬತ್ತಕ್ಕೆ ಮಷೀನಿಗೆ ಎಣ್ಣೆ ಬಿಟ್ಟು ಕೂರೋಳು ಸಾರ್. ಅವಳು ಕತ್ತರಿಸಿದ್ದನ್ನೇ ನಾನು ಡಬ್ಬಕ್ಕೆ ತುಂಬ್ತಿದ್ದೆ."

ಆದೇಶ ಅವಳ ಪರವಾಗಿ ಬಂತು. ಕಚೇರಿಯ ಮೆಟ್ಟಿಲ ಮೇಲೆ ಅವಳು ಅತ್ತಳು. ನನಗೆ ಖುಷಿಗೆ ನಗು ತಡೆಯಲಾಗಲಿಲ್ಲ.

ಈಗ ಅವಳೂ ನಮ್ಮ ಕಾರ್ಖಾನೆಯಲ್ಲೇ ಇದ್ದಾಳೆ. ಕಳೆದ ದಸರೆಗೆ ಊರಿಗೆ ಹೋಗಿ ತಾಯಿಯನ್ನು ಕರೆತಂದಳು. ಆ ಅಮ್ಮನ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಹೋದ ಭಾನುವಾರ ಮೂವರೂ ಕೂತು ಎರಡು ಕೆಜಿ ಅವರೆಕಾಯಿ ಬಿಡಿಸಿದೆವು. ಸಾರು ಮಾಡಿ, ಹೊಟ್ಟೆ ತುಂಬ ಉಂಡು, ಅಲ್ಲೇ ಚಾಪೆ ಹಾಸಿಕೊಂಡು ಮಲಗಿದೆವು.