ಸ್ಪಿನ್‌ಸ್ಟರ್ ಅಲ್ಲ, ಟೇಲರ್

ಮೊನ್ನೆ ಕಪಾಟಿನ ತಳದಲ್ಲಿ ಡಾಂಬರು ಗುಳಿಗೆಯ ವಾಸನೆ ಹೊಡೆಯುವ ಲಕೋಟೆಯೊಂದು ಸಿಕ್ಕಿತು. ಒಳಗೆ ನನ್ನ ಅತ್ತೆಯ, ಅಂದರೆ ಅಪ್ಪನ ತಂಗಿಯ, ಮನೆ ಖರೀದಿ ಪತ್ರದ ಕರಡು. ಆಕೆಯ ಹೆಸರಿನ ಮುಂದೆ ‘ಸ್ಪಿನ್‌ಸ್ಟರ್’ ಎಂಬ ಇಂಗ್ಲಿಷ್ ಶಬ್ದ. ಅದರ ಮೇಲೆ ಕೆಂಪು ಶಾಯಿಯ ಗೀಟು.

ಅತ್ತೆ ಕುಮಟಾ ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಹೊಲಿದೇ ಒಂದು ಪುಟ್ಟ ಮನೆ ಕೊಳ್ಳಲು ಹೊರಟಿದ್ದಳು. ವಕೀಲರು ಮುಂಬೈಯಲ್ಲಿ ಕಲಿತವರು, ಕರಡನ್ನು ಇಂಗ್ಲಿಷಿನಲ್ಲಿ ಬರೆಯದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಹಾಗಾಗಿ ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಜೊತೆಗೆ. ಆ ಶಬ್ದ ಎಂತದೆಂದು ಅತ್ತೆ ಕೇಳಿದಳು. ಮದುವೆಯಾಗದೆ ಉಳಿದವಳು ಎಂದು ನಾನು ತಲೆ ತಗ್ಗಿಸಿ ಹೇಳಿದೆ.

ವಕೀಲರು ಸಮಾಧಾನ ಮಾಡಲು ಹೋಗಿ ಸಿಕ್ಕಿಬಿದ್ದರು. ಬೇಸರ ಬೇಡ, ಮೂಲದಲ್ಲಿ ಅದಕ್ಕೆ ನೂಲುವವಳು ಎಂದಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ ಮದುವೆಯಾಗದ ಹೆಂಗಸರು ಹೆಚ್ಚಾಗಿ ನೂತು ಬದುಕುತ್ತಿದ್ದರು, ಬರಬರುತ್ತ ಕಾಗದಪತ್ರಗಳಲ್ಲಿ ನೂಲು ಮರೆತುಹೋಗಿ ಮದುವೆಯಿಲ್ಲದ್ದು ಮಾತ್ರ ಉಳಿಯಿತು ಎಂದರು. ಅತ್ತೆ ಪೂರ್ತಿ ಕೇಳಿದಳು.

“ಹಂಗಾರೆ ಅದು ಕಸುಬಿನ ಹೆಸ್ರು. ನಾ ನೂಲುದಿಲ್ಲ, ಹೊಲಿತೆ. ಟೇಲರ್ ಅಂತ ಬರೀರಿ.”

ಹೆಂಗಸೆಂದರೆ ಯಾರದೋ ಹೆಂಡತಿ ಎಂದೋ ಇಲ್ಲವೇ ಹೀಗೆಯೋ ಬರೆಯುವುದು ರೂಢಿ ಎಂದರು ವಕೀಲರು. ಹಾಗಾದರೆ ಸಹಿ ಇಲ್ಲ ಎಂದಳು. ಮನೆ ಮಾರುವವನು ಚಡಪಡಿಸುತ್ತ ಬಾಗಿಲ ತನಕ ಹೋಗಿದ್ದ. ಒಂದು ಶಬ್ದಕ್ಕಾಗಿ ಮನೆಯೇ ಕೈತಪ್ಪುತ್ತದಲ್ಲ ಎಂದು ನಾನು ಅವಳ ಸೆರಗು ಜಗ್ಗಿದೆ. ಅವಳು ಅಲ್ಲಾಡಲಿಲ್ಲ. ಕೊನೆಗೆ ವಕೀಲರೇ ಕೆಂಪು ಪೆನ್ನು ಎತ್ತಿಕೊಂಡರು. ಸರಿಯಲ್ಲವೇ ಹೇಳಿ? ಮದುವೆಯಾಗದಿರುವುದೂ ಒಂದು ಕಸುಬೇ?

ಇಷ್ಟೆಲ್ಲ ನೋಡಿದ ನಾನೇನು ಕಡಿದು ಕಟ್ಟೆ ಹಾಕಿದೆ ಎನ್ನುತ್ತೀರಿ? ನಾನೂ ಮದುವೆಯಾಗಲಿಲ್ಲ. ಭಟ್ಕಳದ ಶಾಲೆಗೆ ರೈಲಿನಲ್ಲಿ ಹೋಗಿಬರುವಾಗ ಯಾರಾದರೂ ಕೇಳಿದರೆ, ಯಜಮಾನರು ದುಬೈಯಲ್ಲಿದ್ದಾರೆ ಎಂದುಬಿಡುತ್ತಿದ್ದೆ. ನಮ್ಮ ಕಡೆ ಅದನ್ನು ಯಾರೂ ಅನುಮಾನಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಪುಣ್ಯಾತ್ಮ ಒಮ್ಮೆಯೂ ರಜೆಗೆ ಬಂದಿಲ್ಲ. ಮೊನ್ನೆ ಆ ಕೆಂಪು ಗೀಟು ನೋಡಿ ನನ್ನ ಹೇಡಿತನಕ್ಕೆ ನನಗೇ ನಾಚಿಕೆಯಾಯಿತು.

ನಿನ್ನೆ ಹೊನ್ನಾವರದಲ್ಲಿ ಹತ್ತಿದ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತವರೇ ಕೇಳಿದರು: “ಯಜಮಾನ್ರು ಎಂತ ಮಾಡ್ತ್ರು?”

“ನಾ ಮದುವೆ ಆಗ್ಲಿಲ್ಲ. ಗಣಿತದ ಟೀಚರು.”

ಧ್ವನಿ ಜೋರಾಯಿತೇನೋ, ಎದುರು ಸೀಟಿನವರೂ ತಿರುಗಿ ನೋಡಿದರು. ನೋಡಲಿ. ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ಅಳೆದರು.

“ಆತು ಬಿಡಿ,” ಎಂದರು. “ನಮ್ಮ ಮೊಮ್ಮಗಳಿಗೆ ಗಣಿತ ಅಂದ್ರೆ ಜ್ವರ. ಹೇಳ್ಕೊಡ್ತ್ರಾ?”