ಅಕ್ಕನ ಶಾಲೆಯ ಟ್ಯಾಬ್ ನಿಯಮಗಳು

ಅಕ್ಕನಿಗೂ ನನಗೂ ಎರಡೇ ವರ್ಷದ ಅಂತರ. ಹುಟ್ಟಿದ್ದು ಆಂಧ್ರದ ಗಡಿಯೊಳಗಿನ ರತ್ನಗಿರಿಯಲ್ಲಿ, ಬೆಟ್ಟದ ಕೋಟೆಯ ಬುಡದ ಊರು. ಇಬ್ಬರೂ ಅಲ್ಲಿಯ ಕನ್ನಡ ಶಾಲೆಯಲ್ಲೇ ಓದಿದೆವು, ಇಬ್ಬರೂ ಟೀಚರ್ ಟ್ರೈನಿಂಗ್ ಮಾಡಿದೆವು, ಇಬ್ಬರೂ ಖಾಸಗಿ ಶಾಲೆಗಳಲ್ಲಿ ಮೂರನೇ ತರಗತಿಯ ಟೀಚರುಗಳಾದೆವು. ಅಕ್ಕ ಮದುವೆಯಾಗಿ ಮಡಕಶಿರದಲ್ಲಿ ನೆಲೆಸಿದಳು. ನನ್ನನ್ನು ರಾಯದುರ್ಗಕ್ಕೆ ಕೊಟ್ಟರು. ನನ್ನ ಗಂಡ ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಕಟಿಂಗ್ ಮಾಸ್ಟರ್. ಹೀಗೆ ಬರೆದರೆ ನಮ್ಮಿಬ್ಬರ ಬದುಕೂ ಒಂದೇ ಅಳತೆಯದು ಅನ್ನಿಸಬಹುದು. ನನಗೆ ಯಾವತ್ತೂ ಹಾಗೆ ಅನ್ನಿಸಲಿಲ್ಲ.

ನಾನು ಯಾವ ತರಗತಿಗೆ ಕಾಲಿಟ್ಟರೂ ಅಕ್ಕ ಅಲ್ಲಿಂದ ಆಗಲೇ ಹೆಸರು ಮಾಡಿ ಹೊರಟಿರುತ್ತಿದ್ದಳು. ಮೇಷ್ಟ್ರು ಹಾಜರಿ ಕರೆದು ನನ್ನ ಮುಖ ನೋಡಿ, "ಓ, ನೀನು ಅವಳ ತಂಗಿಯಾ?" ಅನ್ನುತ್ತಿದ್ದರು. ಆ ಮಾತಿನಲ್ಲಿ ಮೊದಲು ಸಂತೋಷ ಇರುತ್ತಿತ್ತು, ನನ್ನ ಕಾಪಿ ನೋಡಿದ ಮೇಲೆ ಅದು ಇರುತ್ತಿರಲಿಲ್ಲ. ಅಮ್ಮನಂತೂ ಹಿಟ್ಟು ಕಲೆಸುವುದರಿಂದ ಹಿಡಿದು ತಲೆ ಬಾಚುವವರೆಗೆ ಎಲ್ಲಕ್ಕೂ "ನಿಮ್ಮಕ್ಕನ್ ನೋಡಿ ಕಲ್ತ್ಕಾ" ಅನ್ನುವವಳು. ರಾಯದುರ್ಗಕ್ಕೆ ಬಂದಾಗ ನನಗೆ ತವರು ಬಿಟ್ಟ ದುಃಖಕ್ಕಿಂತ ಒಂದು ಸಮಾಧಾನವೇ ಹೆಚ್ಚಾಗಿತ್ತು: ಇಲ್ಲಿ ಯಾರಿಗೂ ನನ್ನ ಅಕ್ಕ ಗೊತ್ತಿಲ್ಲ.

ಆ ಸಮಾಧಾನ ಹೋದದ್ದು ಟ್ಯಾಬಿನಿಂದ.

ಸರ್ಕಾರಿ ಶಾಲೆಯ ದೊಡ್ಡ ಮಕ್ಕಳ ಕೈಗೆ ಸರ್ಕಾರವೇ ಟ್ಯಾಬ್ ಕೊಟ್ಟಿದ್ದನ್ನು ನೋಡಿದ ಮೇಲೆ ನಮ್ಮ ಶಾಲೆಯ ಯಜಮಾನರಿಗೆ ನಿದ್ದೆ ಬರಲಿಲ್ಲ. ನಮ್ಮ ಕಡೆ ಖಾಸಗಿ ಶಾಲೆಯ ಯಜಮಾನರನ್ನು ಕರೆಸ್ಪಾಂಡೆಂಟ್ ಅನ್ನುತ್ತಾರೆ. ಒಂದು ಜುಲೈ ತಿಂಗಳಲ್ಲಿ ಅವರು, ಮೂರರಿಂದ ಐದನೇ ತರಗತಿಯ ಮಕ್ಕಳು ಮನೆಯಲ್ಲಿ ಟ್ಯಾಬ್ ಇದ್ದರೆ ಶಾಲೆಗೆ ತರಬಹುದು ಎಂದು ಹೇಳಿಬಿಟ್ಟರು. ತಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಯಾರಿಗೂ ಹೇಳಲಿಲ್ಲ.

ಮೊದಲ ವಾರ ನನ್ನ ತರಗತಿ ಬಸ್ ಸ್ಟ್ಯಾಂಡ್ ಆಯಿತು. ಇದ್ದದ್ದು ಒಂದೇ ಪ್ಲಗ್ ಪಾಯಿಂಟ್, ಅದರ ಮುಂದೆ ಚಾರ್ಜರ್ ಹಿಡಿದವರ ಸಾಲು. ಒಬ್ಬಳ ಟ್ಯಾಬಿನ ಮೇಲೆ ಬುತ್ತಿಯ ಸಾರು ಚೆಲ್ಲಿತು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಯಾರೋ ಹಿಂದಿನಿಂದ ಫೋಟೊ ತೆಗೆದರು. ಸಂಜೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಬೆನ್ನು, ಸೆರಗಿಗೆ ಮೆತ್ತಿದ ಸೀಮೆಸುಣ್ಣ. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಗಾರ್ಮೆಂಟ್ ಯೂನಿಟ್ಟಿನ ಮಾಲೀಕರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ಎಲ್ಲರಿಗಿಂತ ದೊಡ್ಡ ಟ್ಯಾಬ್ ಅವನದು. ತನ್ನ ಪಕ್ಕ ಯಾರು ಕೂರಬೇಕು ಅನ್ನುವುದನ್ನು ದಿನಾ ಬೆಳಿಗ್ಗೆ ಅವನೇ ನಿರ್ಧರಿಸುತ್ತಿದ್ದ. "ಇವತ್ತು ನೀ ಬ್ಯಾಡ, ನಾಳೆ ಬಾ" ಅಂದರೆ ಆ ಮಗು ಮರುಮಾತಾಡದೆ ಎದ್ದು ಬೇರೆ ಬೆಂಚಿಗೆ ಹೋಗುತ್ತಿತ್ತು.

ಕರೆಸ್ಪಾಂಡೆಂಟ್ ನನ್ನನ್ನು ಕರೆಸಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಅವರು ನಗುತ್ತಿದ್ದರು.

"ಮೇಡಂ, ಮಡಕಶಿರದಾಗ ನಮ್ಮ ಸ್ನೇಹಿತರದೊಂದು ಸ್ಕೂಲ್ ಐತ್ರಿ. ಅಲ್ಲಿ ಟ್ಯಾಬ್ ರೂಲ್ಸ್ ಭಾಳ ಚೆಂದ ಮಾಡ್ಯಾರಂತ. ಯಾರು ಮಾಡ್ಯಾರ ಅಂತ ಕೇಳಿದ್ರ, ಮೂರನೇ ಕ್ಲಾಸಿನ ಮೇಡಂ ಅಂದ್ರು. ಆಕಿ ತಂಗಿ ನಿಮ್ಮ ಸ್ಕೂಲಿನ್ಯಾಗಾ ಅದಾಳಲ್ಲ ಅಂದ್ರು! ನೀವು ಯಾಕ ಹೇಳಿಲ್ರಿ?"

"ಏನು ಹೇಳಬೇಕಿತ್ರಿ, ಸರ್?"

"ಅಂಥಾ ಅಕ್ಕ ಅದಾಳ ಅಂತ! ಒಂದ್ ದಿನ ಹೋಗಿ ನೋಡ್ಕೊಂಡು ಬರ್ರಿ. ರಜಾ ಹಾಕೂದು ಬ್ಯಾಡ."

ಸ್ಟಾಫ್ ರೂಮಿಗೆ ಹೋಗಿ ನೀರು ಕುಡಿದೆ. ಅಷ್ಟು ದೂರ ಬಂದು ಸಂಸಾರ ಹೂಡಿದರೂ ನಾನು ಮತ್ತೆ ಅವಳ ತಂಗಿಯಾಗಿದ್ದೆ.

ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ಮಡಕಶಿರ ಮುಟ್ಟುವಷ್ಟರಲ್ಲಿ ಶಾಲೆ ಶುರುವಾಗಿ ಬಹಳ ಹೊತ್ತಾಗಿತ್ತು. ಅಕ್ಕ ಬಾಗಿಲಿಗೆ ಬಂದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಒಂದು ಮಡಿಕೆಯೂ ಅಲುಗಿರಲಿಲ್ಲ. ನನ್ನ ಸೀರೆ ಬಸ್ಸಿನಲ್ಲಿ ಮುದುಡಿಹೋಗಿತ್ತು.

"ಬಾರೇ ಒಳಕ್ಕೆ. ಬಿಸ್ಲಲ್ಲಿ ಯಾಕ್ ನಿಂತಿದೀಯ?" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಕ್ಕಳಿಗೆ ಹೇಳಿದಳು: "ಇವ್ರು ನನ್ ತಂಗಿ. ರಾಯದುರ್ಗದಲ್ಲಿ ಟೀಚರು. ನಮ್ ಕ್ಲಾಸ್ ನೋಡ್ಕಂಡು ಕಲ್ಯಕ್ಕೆ ಬಂದವ್ರೆ."

ಮಕ್ಕಳು ನನ್ನನ್ನು ಕನಿಕರದಿಂದ ನೋಡಿದರು. ಒಬ್ಬ ಹುಡುಗಿ ಸರಿದು ತನ್ನ ಬೆಂಚಿನಲ್ಲಿ ಜಾಗ ಕೊಟ್ಟಳು.

ಅವಳ ತರಗತಿ ನಡೆಯುವುದನ್ನು ನಾನು ಅಲ್ಲಿ ಕೂತು ನೋಡಿದೆ. ಟ್ಯಾಬನ್ನು ಮನೆಯಲ್ಲೇ ಚಾರ್ಜ್ ಮಾಡಿ ತರಬೇಕು. ಚಾರ್ಜ್ ಮುಗಿದರೆ ಬ್ಯಾಗಿನೊಳಗೆ, ತಕರಾರಿಲ್ಲ. ಅಕ್ಕ ಹೇಳುವವರೆಗೆ ಹೊರಗೆ ತೆಗೆಯುವಂತಿಲ್ಲ. ಆಟದ ಮೈದಾನಕ್ಕೂ ಊಟದ ಜಾಗಕ್ಕೂ ಒಯ್ಯುವಂತಿಲ್ಲ. ಹಿಂಬದಿಯಲ್ಲಿ ಬಟ್ಟೆ ಪಟ್ಟಿ ಅಂಟಿಸಿ ಮಗುವಿನ ಹೆಸರು. ಕ್ಯಾಮೆರಾದ ಕಣ್ಣಿನ ಮೇಲೆ ಹೆಂಗಸರು ಹಣೆಗಿಡುವ ಸ್ಟಿಕರ್ ಬೊಟ್ಟು. ಆ ಬೊಟ್ಟು ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ನನ್ನ ಬೆನ್ನಿನ ಫೋಟೊ ಊರೆಲ್ಲ ಸುತ್ತಿದಾಗ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ನನ್ನ ಕನ್ನಡಿಯ ಅಂಚಿಗೆ ಅಂಟಿಸಿದ ಬೊಟ್ಟುಗಳು ದಿನಾ ನನ್ನ ಮುಖವನ್ನೇ ನೋಡುತ್ತಿದ್ದವು. ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು.

ಮಧ್ಯದಲ್ಲಿ ಅಕ್ಕ "ಮಕಾಡೆ!" ಅಂದಳು. ಅಷ್ಟೇ. ಟಪಟಪನೆ ಎಲ್ಲ ಟ್ಯಾಬುಗಳೂ ಪರದೆ ಕೆಳಗಾಗಿ ಮಕಾಡೆ ಮಲಗಿದವು, ಎಲ್ಲ ಮುಖಗಳೂ ಅವಳ ಕಡೆ ತಿರುಗಿದವು. ನಾನು ಇಂಥ ನಿಶ್ಶಬ್ದಕ್ಕಾಗಿ ಗಂಟಲು ಹರಿದುಕೊಂಡಿದ್ದೆ.

ತಪ್ಪು ಹುಡುಕಲು ಶುರು ಮಾಡಿದೆ. ಬೋರ್ಡಿನ ಮೇಲಿನ ಕಾಗುಣಿತ ನೋಡಿದೆ, ಸರಿಯಿತ್ತು. ಕಿಟಕಿಯ ಧೂಳು ನೋಡಿದೆ, ಇರಲಿಲ್ಲ. ಕೊನೆಗೆ ತಿರುಗಿ ಹಿಂದಿನ ಸಾಲು ನೋಡಿದೆ. ಅಲ್ಲಿ ಟ್ಯಾಬ್ ಇಲ್ಲದ ಮಕ್ಕಳೆಲ್ಲ ಒಟ್ಟಿಗೆ ಕೂತಿದ್ದರು. ಮುಂದಿನವರು ಪರದೆಯ ಮೇಲೆ ಗ್ರಹಗಳು ತಿರುಗುವುದನ್ನು ನೋಡುವಾಗ ಇವರು ಪುಸ್ತಕದಿಂದ ಗ್ರಹಗಳ ಹೆಸರು ನಕಲು ಮಾಡುತ್ತಿದ್ದರು. ಒಬ್ಬ ಹುಡುಗ ಪೆನ್ಸಿಲ್ ನಿಲ್ಲಿಸಿ, ಕತ್ತು ಉದ್ದ ಮಾಡಿ ಮುಂದಿನವನ ಭುಜದ ಮೇಲಿಂದ ನೋಡಿದ. ಅಕ್ಕ ಅವನ ಹೆಸರು ಕರೆದಳು, ಅವನು ತಲೆ ತಗ್ಗಿಸಿದ.

ಆ ಹುಡುಗನನ್ನು ನೋಡಿ ನನಗೆ ಮೊದಲು ಆದದ್ದು ಸಂತೋಷ. ಸಿಕ್ಕಿತು ಅನ್ನಿಸಿತು. ಮರುಕ ಬಂದದ್ದು ಆಮೇಲೆ.

ಮಧ್ಯಾಹ್ನ ಅಕ್ಕ ಮನೆಗೆ ಕರೆದೊಯ್ದು ಬಸ್ಸಾರು, ಮುದ್ದೆ ಬಡಿಸಿದಳು. "ಹೆಂಗಿತ್ತೇ?"

"ಚೆನ್ನಾಗೈತಿ."

"ಐತಿ ಅಂತೆ! ಏನಮ್ಮಿ, ಪೂರಾ ರಾಯದುರ್ಗದೋಳಾಗೋದೆ" ಎಂದು ನಕ್ಕು ಇನ್ನೊಂದು ಸೌಟು ಸಾರು ಹಾಕಿದಳು. ಸಾರು ಅಮ್ಮನ ಕೈಯದೇ ರುಚಿ. ಅದೂ ನನಗೆ ಬರುವುದಿಲ್ಲ. ಹಿಂದಿನ ಸಾಲಿನ ವಿಷಯ ನಾನು ಎತ್ತಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸುತ್ತಾ ಬಂದೆ. ಕಣ್ಣಿಗೆ ಬಿದ್ದ ಅಕ್ಕನ ನಿಯಮಗಳನ್ನೆಲ್ಲ ತೆಗೆದುಕೊಂಡೆ, ಬೊಟ್ಟನ್ನೂ ಬಿಡಲಿಲ್ಲ. ಜೊತೆಗೆ ನನ್ನದೊಂದು ಸೇರಿಸಿದೆ: ಟ್ಯಾಬ್ ಯಾರದ್ದೇ ಇರಲಿ, ಶಾಲೆಯಲ್ಲಿ ಅದು ಬೆಂಚಿನದು. ಮಕ್ಕಳು ರೋಲ್ ನಂಬರಿನಂತೆ ಕೂರುತ್ತಾರೆ. ಟ್ಯಾಬ್ ಇದ್ದವರ ಪಕ್ಕ, ಅವರ ಮುಂದಿನ ನಂಬರಿನ ಟ್ಯಾಬ್ ಇಲ್ಲದ ಮಗು. ಒಂದು ಪುಟ ಒಬ್ಬರು ಸರಿಸಿದರೆ ಮುಂದಿನ ಪುಟ ಇನ್ನೊಬ್ಬರು.

ಕರೆಸ್ಪಾಂಡೆಂಟ್ ಪೋಷಕರ ಸಭೆ ಕರೆದರು. ನಾನು ನಿಯಮಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಓದಿದೆ. ನನ್ನ ನಿಯಮಕ್ಕೆ ಬಂದ ಕೂಡಲೇ ಯೂನಿಟ್ಟಿನ ಮಾಲೀಕರು, ಆ ದೊಡ್ಡ ಟ್ಯಾಬಿನ ಹುಡುಗನ ತಂದೆ, ಎದ್ದು ನಿಂತರು.

"ಮೇಡಂ, ತಪ್ಪು ತಿಳ್ಕಾಬ್ಯಾಡ್ರಿ. ನಾವು ಕೊಡಿಸಿದ್ದು ನಮ್ ಹುಡುಗಗ. ಬ್ಯಾರೆಯವ್ರು ಯಾಕ ಮುಟ್ಟಬೇಕ್ರಿ? ಬಿದ್ರ, ಒಡದ್ರ ಯಾರು ನೋಡ್ತಾರ?"

ಅವರ ಮಾತಿನಲ್ಲಿ ನ್ಯಾಯ ಇತ್ತು. ಮಡಕಶಿರದಲ್ಲಾಗಿದ್ದರೆ ಅಕ್ಕ ಇದಕ್ಕೂ ಏನಾದರೂ ಹೇಳಿರುತ್ತಿದ್ದಳು ಎಂಬ ಯೋಚನೆ ಬಂದು ಕೈಯಲ್ಲಿದ್ದ ನಿಯಮದ ಹಾಳೆಯನ್ನೇ ತಿರುವಿದೆ. ಆಗ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದ ಹೆಂಗಸೊಬ್ಬಳು ಮಾತಾಡಿದಳು. ಅವಳು ಅದೇ ಮಾಲೀಕರ ಯೂನಿಟ್ಟಿನಲ್ಲಿ ಮಷಿನ್ ತುಳಿಯುವವಳು ಎಂದು ನನಗೆ ಗೊತ್ತಿತ್ತು. ಅವಳ ಮಗಳ ರೋಲ್ ನಂಬರ್ ಆ ಹುಡುಗನದರ ಮುಂದಿನದು.

"ನನ್ ಮಗಳು ಕೈ ತೊಳಕೊಂಡಾ ಮುಟ್ತಾಳ್ರಿ, ಅಣ್ಣಾ" ಅಂದಳು.

ಮಾಲೀಕರ ಮುಖ ಕೆಂಪಾಯಿತು. "ನಾ ಹಂಗಂದಿಲ್ಲ ತಾಯಿ. ಹಂಗಲ್ಲ..." ಎಂದು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು, "ದಪ್ಪ ರಬ್ಬರ್ ಕವರ್ ಹಾಕಿರಬೇಕು, ಟ್ಯಾಬ್ ಬೆಂಚ್ ಬಿಟ್ಟು ಮ್ಯಾಲೇಳಬಾರ್ದು. ಹಂಗಾದ್ರ ನಂದೇನು ತಕರಾರಿಲ್ರಿ" ಅಂದರು. ಎರಡೂ ನಿಯಮಕ್ಕೆ ಸೇರಿದವು. ಕೈ ತೊಳೆಯುವುದನ್ನೂ ಸೇರಿಸಿದೆ, ಟ್ಯಾಬ್ ಇದ್ದವರಿಗೂ ಇಲ್ಲದವರಿಗೂ. ಕೆಲವರು ಒಪ್ಪದೆ ತಮ್ಮ ಟ್ಯಾಬನ್ನು ಮನೆಯಲ್ಲೇ ಇಟ್ಟುಕೊಂಡರು. ಅದು ಅವರ ಇಷ್ಟ.

ಮೊದಮೊದಲು ಮಾಲೀಕರ ಮಗ, ಪಕ್ಕ ಕೂತ ಆ ಹೆಂಗಸಿನ ಮಗಳ ಸರದಿಯಲ್ಲೂ ಟ್ಯಾಬಿನ ಒಂದು ಮೂಲೆ ಹಿಡಿದುಕೊಂಡೇ ಇರುತ್ತಿದ್ದ. ಆಮೇಲೆ ಒಂದು ದಿನ ಕತೆ ಓದುವಾಗ ಮರೆತು ಕೈ ಬಿಟ್ಟ. ಇಬ್ಬರ ತಲೆಯೂ ಪರದೆಯ ಮೇಲೆ ಬಾಗಿ ಒಂದಕ್ಕೊಂದು ಡಿಕ್ಕಿ ಹೊಡೆದವು. "ಸಾವಕಾಶ ಪುಟ ಸರಸು, ನಾ ಇನ್ನಾ ಓದಿಲ್ಲ" ಎಂದು ಅವಳನ್ನು ಗದರಿದ.

ನಾನು ಹಿಗ್ಗಿಹೋದೆ. ಅಮ್ಮನಿಗೆ ಫೋನ್ ಮಾಡಿ ಸಭೆಯ ಕತೆಯನ್ನೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡು. ನಿಮ್ಮಕ್ಕನೂ ಹಂಗೇ ಮಾಡವ್ಳಾ?" ಅಂದಳು.

ದಸರಾ ರಜೆಗೆ ಇಬ್ಬರೂ ತವರಿಗೆ ಹೋದೆವು. ಅಕ್ಕ ಬಂದಾಗಿನಿಂದ ಸಪ್ಪಗಿದ್ದಳು. ಸಾಯಂಕಾಲ ಹೊಸಿಲ ಹತ್ತಿರ ಕೂತು ಇಬ್ಬರೂ ಕಡಲೆಕಾಯಿ ಸುಲಿಯುತ್ತಿದ್ದೆವು. ಅವಳು ಮುಖ ಎತ್ತದೆ ಕೇಳಿದಳು.

"ನಿನ್ ಕ್ಲಾಸಲ್ಲಿ ಇಬ್ಬಿಬ್ರು ಒಂದ್ ಟ್ಯಾಬಲ್ಲಿ ಓದ್ತಾರಂತೆ?"

"ಯಾರು ಹೇಳಿದ್ದು?"

"ನಮ್ ಕರೆಸ್ಪಾಂಡೆಂಟು. ನಿಮ್ಮೋರು ಹೇಳವ್ರೆ ಅವ್ರಿಗೆ. ರಾಯದುರ್ಗಕ್ಕೆ ಹೋಗಿ ನಿಮ್ ತಂಗಿ ಕ್ಲಾಸ್ ನೋಡ್ಕಂಬನ್ನಿ ಅಂದ್ರು." ಒಂದು ಕಾಯಿ ಒಡೆದಳು. "ಹೋಗಲ್ಲ ಅಂದೆ."

"ಯಾಕೆ?"

"ಯಾಕೆ ಅಂತೀಯಲ್ಲೇ. ನಿನ್ನ ಮುಂದೆ ಹೋಗಿ ಬೆಂಚಲ್ಲಿ ಕೂತ್ಕಂಡು ಕಲೀಲಾ? ನೀನಾದ್ರೆ ಬಂದೆ. ನನ್ ಕೈಲಾಗ್ಲಿಲ್ಲ."

ಅಕ್ಕನಿಗೂ ಹೀಗಾಗುತ್ತದೆ ಅನ್ನುವುದು ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ. "ಆ ಹಿಂದಿನ ಸಾಲು ನಾನು ಅವತ್ತೇ ನೋಡಿದ್ದೆ" ಅಂದುಬಿಟ್ಟೆ.

"ನೀನ್ ನೋಡಿದ್ದು ಗೊತ್ತು. ನೋಡಿ ಬಾಯ್ಬಿಡಲಿಲ್ಲ" ಅಂದಳು. ಸಿಟ್ಟಿನಿಂದಲ್ಲ. "ನನಗೇನ್ ಖುಷಿನಾ? ಮೊದಲ್ನೇ ವಾರನೇ ಒಬ್ಬನ ಟ್ಯಾಬ್ ಇನ್ನೊಬ್ಬ ಬೀಳಿಸ್ದ. ಅವರಮ್ಮ ಎಲ್ರ ಮುಂದೆ ನಿಲ್ಸಿ ಬೈದ್ಲು. ಆವತ್ತಿಂದ ಮುಟ್ಟೋದೇ ಬ್ಯಾಡ ಅಂತ ಹಿಂದಕ್ಕೆ ಕೂರ್ಸಿದೆ."

ನಾನು ಕವರ್, ಬೆಂಚು, ಕೈ ತೊಳೆಯುವುದು, ಆ ಹೆಂಗಸಿನ ಮಾತು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ದನಿ ಏರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅಕ್ಕನಿಗೆ ನಾನು ಏನನ್ನೋ ಹೇಳಿಕೊಡುತ್ತಿದ್ದೆ. ಅವಳು ಸುಲಿಯುವುದನ್ನು ನಿಲ್ಲಿಸಿ ಕೇಳಿದಳು, ತಲೆಯಾಡಿಸಿದಳು. ಆಮೇಲೆ ಕೇಳಿದಳು:

"ಸರಿ, ಹೋಂವರ್ಕು?"

"ಏನು ಹೋಂವರ್ಕು?"

"ಟ್ಯಾಬಲ್ಲೇ ಕೊಡ್ತೀಯಾ?"

"ಕೊಡ್ತೀನಿ. ಓದಿದ ಕತೆ ಮನೇಲಿ ಮತ್ತೆ ಕೇಳಿ, ಪ್ರಶ್ನೆಗೆ ಉತ್ತರ ಬರ್ಕೊಂಡು ಬರ್ಬೇಕು."

"ಆ ಮಷಿನ್ ತುಳಿಯೋಳ ಮಗ್ಳು ಮನೇಲಿ ಯಾತ್ರಲ್ಲಿ ಕೇಳ್ತಾಳೆ?"

ಆ ಹುಡುಗಿ ಎಷ್ಟೋ ದಿನ ಹೋಂವರ್ಕ್ ತರುತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡು ನಾನು ಅವಳನ್ನು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ.

"ನಾನು ಅದನ್ನ ನಿಲ್ಸೇ ಬಿಟ್ಟೆ. ಟ್ಯಾಬಿನ ಕೆಲಸ ಸ್ಕೂಲಲ್ಲೇ ಮುಗೀಬೇಕು, ಮನೆಗೆ ಹೋಗಂಗಿಲ್ಲ" ಅಂದಳು ಅಕ್ಕ. ದೊಡ್ಡ ವಿಷಯವೇ ಅಲ್ಲ ಅನ್ನುವಂತೆ ಮತ್ತೆ ಕಾಯಿ ಸುಲಿಯತೊಡಗಿದಳು. ಒಳಗಿನಿಂದ ಅಮ್ಮ, "ಇಬ್ರೂ ಏನ್ರೇ ಅದು ಪಿಸುಪಿಸು, ಕಾಯಿ ಆಯ್ತಾ?" ಎಂದು ಕೂಗಿದಳು.

ಹೊಟ್ಟೆಯೊಳಗಿನ ಅದೇ ಹಳೆಯ ಉರಿ ಮತ್ತೆ ಎದ್ದಿತು. ಆದರೆ ಈ ಸಲ ಅವಳ ಸಪ್ಪೆ ಮುಖವೂ ನನ್ನ ಕಣ್ಣ ಮುಂದಿತ್ತು. ಹಾಗಾಗಿ ಅದು ಮೊದಲಿನಷ್ಟು ಸುಡಲಿಲ್ಲ.

ರಜೆ ಮುಗಿದು ಶಾಲೆ ತೆರೆದ ದಿನ ಹೋಂವರ್ಕಿನ ನಿಯಮವನ್ನು ನಮ್ಮಲ್ಲೂ ತಂದೆ. ಕರೆಸ್ಪಾಂಡೆಂಟ್ ಓದಿ ಮೆಚ್ಚಿದರು. "ಇದು ನಿಮ್ಮ ತಲ್ಯಾಗ ಬಂದದ್ದೇನ್ರಿ, ಮೇಡಂ?" ಅಂದರು.

"ಇಲ್ರಿ ಸರ್, ನಮ್ಮಕ್ಕಂದು" ಅಂದೆ. ಹೇಳುವುದಕ್ಕೆ ಕಷ್ಟವಾಯಿತು.

ಮಡಕಶಿರದಲ್ಲಿ ಹಿಂದಿನ ಸಾಲು ಹೋಗಿದೆ, ಇಬ್ಬಿಬ್ಬರು ಕೂತು ಓದುತ್ತಿದ್ದಾರೆ ಎಂದು ಆಮೇಲೆ ಕೇಳಿದೆ. ಆ ನಿಯಮ ಯಾರದು ಎಂದು ಅಲ್ಲಿ ಯಾರಾದರೂ ಕೇಳಿದಾಗ ಅಕ್ಕ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಅದನ್ನೇ ಕೇಳಬೇಕೆಂದು ಎಷ್ಟೋ ಸಲ ಫೋನ್ ಮಾಡಿದ್ದೇನೆ. ಅವಳು ಎತ್ತಿದ ಮೇಲೆ ಮಕ್ಕಳ ನೆಗಡಿ, ಅಮ್ಮನ ಮಂಡಿನೋವು, ಟೊಮೊಟೊ ರೇಟು ಎಲ್ಲ ಮಾತಾಡಿ ಇಡುತ್ತೇನೆ.