ಮರೆಮ್ಮ ಹಚ್ಚೆ ಹಾಕಿಸದ ಜಾಗ

ಮರೆಮ್ಮನ ಎರಡೂ ಕೈ ಮಣಿಕಟ್ಟಿನಿಂದ ಮೊಣಕೈ ದಾಟಿ ಹಸಿರಾಗಿದ್ದವು. ಚೇಳು, ತೊಟ್ಟಿಲು, ಸತ್ತ ಗಂಡನ ಹೆಸರು, ಎಲ್ಲ ಹಚ್ಚೆ. ಮೊಣಕೈ ಮಡಿಚುವ ಕಡೆ ಮಾತ್ರ ಬರಿದು. "ಅಲ್ಲಿ ಚುಚ್ಚಿದ್ರ ಜೀವ ಹೋಗ್ತದ. ಇಷ್ಟು ಸಾಕು. ಸತ್ತಾಗ ಹೊಲ ಬರೂದಿಲ್ಲ, ಮನಿ ಬರೂದಿಲ್ಲ, ಹಚ್ಚಿ ಸಂಗಾಟ ಬರ್ತದ" ಅನ್ನುತ್ತಿದ್ದಳು.

ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಶಹಾಪುರದಾಚೆ, ಕಾಲುವೆ ಮುಗಿಯುವಲ್ಲಿ ನಮ್ಮ ಓಣಿ. ಮೇಲಿನ ಊರುಗಳ ಭತ್ತ ಕುಡಿದು ಉಳಿದ ನೀರು ನಮಗೆ. ಸೊಳ್ಳೆ ಮಾತ್ರ ಪೂರಾ ಬಂದವು. ಹಿಂದೆಯೇ ಚಳಿಜ್ವರ.

ಅವಳ ಬಾಯಿ ಕೆಟ್ಟದ್ದು. ನನ್ನ ಸಾರು ನೋಡಿ, "ನಿನ್ನ ಗಡಿಗ್ಯಾಗ ಬ್ಯಾಳಿ ಈಸಾಡಾಕ ಕಲ್ತಾವ ನೋಡು" ಎಂದಿದ್ದಳು. ಉಣ್ಣಲು ಕುಳಿತರೆ ತನ್ನ ಪಾಲಿನಲ್ಲಿ ಅರ್ಧ ಮಗ ಮಲ್ಲಪ್ಪನ ತಟ್ಟೆಗೆ. ಅವನಿಗೆ ಹೆಂಡತಿ ಬಂದರೂ ಅದು ನಿಲ್ಲಲಿಲ್ಲ.

ಚಳಿಜ್ವರ ತಾಯಿ ಮಗ ಇಬ್ಬರಿಗೂ ಬಂತು. ಇಬ್ಬರಿಗೂ ಗುಳಿಗೆ ಸಿಕ್ಕವು. ಮರೆಮ್ಮ ತನ್ನವನ್ನೂ ಮಗನಿಗೇ ನುಂಗಿಸಿದಳು. "ನನ್ನ ಜ್ವರ ತಾನ ಹೋಗ್ತದ, ನೀ ತಿನ್ನು." ಅವನ ಮೂತ್ರ ಕಪ್ಪು ಚಹಾದಂತಾಯಿತು, ಕಣ್ಣು ಅರಿಷಿಣವಾದವು. ಕಲಬುರಗಿಗೆ ಒಯ್ಯುವ ಜೀಪಿನಲ್ಲೇ ಸತ್ತ. ಓಣಿಯವರು ದೇವಿ ಮುನಿದಳು ಅಂದರು.

ಕೆಲವು ವರ್ಷದ ಮೇಲೆ ಒಬ್ಬ ಡಾಕ್ಟರಮ್ಮ ಓಣಿಗೆ ಬಂದು ರಕ್ತ ಕೇಳಿದಳು. ಹೈದರಾಬಾದಿನಲ್ಲಿ ಮಾರುತ್ತಾರಂತೆ ಎಂದು ಸುದ್ದಿ ಹಬ್ಬಿತು. ಗಂಡಸರು ಜಾಲಿಯ ಮರೆಗೆ ಹೋದರು, ಹೆಂಗಸರು ಬಾಗಿಲು ಹಾಕಿದರು. ಮರೆಮ್ಮನ ಮಗಳು ನಾಗಮ್ಮ ಆಗ ತವರಿನಲ್ಲೇ ಇದ್ದಳು. ಅವಳ ಮಗ ಭೀಮ್ಯಾನಿಗೆ ಅದೇ ಜ್ವರ. ಮಲ್ಲಪ್ಪ ನುಂಗಿದ್ದ ಅದೇ ಗುಳಿಗೆ ಮರೆಮ್ಮನ ಕೈಯಲ್ಲಿತ್ತು. ಕೊಡಲು ಧೈರ್ಯವಿಲ್ಲ, ಬಿಡಲೂ ಧೈರ್ಯವಿಲ್ಲ.

"ನಮ್ಮ ರಗತ ನಿಮಗ್ಯಾಕ್ರಿ?" ಎಂದಳು ಮರೆಮ್ಮ.

"ಔಷಧ ಯಾರಿಗೆ ತಾಳ್ತದ, ಯಾರಿಗೆ ತಾಳೂದಿಲ್ಲ ಅಂತ ಬ್ಯಾರೆ ದೇಶದವ್ರ ರಕ್ತ ನೋಡ್ಯಾರವ್ವ, ದೊಡ್ಡ ಊರಿನವ್ರದು ನೋಡ್ಯಾರ. ನಿಮ್ಮಂಥವ್ರದು ನೋಡಿದವ್ರು ಕಡಿಮಿ. ಕೆಲವು ಮನೆತನದ ರಕ್ತಕ್ಕ ಈ ಗುಳಿಗಿ ವಿಷ."

ಮರೆಮ್ಮ ತೋಳು ಚಾಚಿ ಓಣಿಗೆಲ್ಲ ಕೇಳುವಂತೆ ಒದರಿದಳು. "ಕಾಲುವಿ ನೀರಿನ್ಯಾಗ ನಮ್ಮನ್ನ ಕಡೀಗಿ ಇಟ್ಟಾರಂತ ದಿನಾ ಬೈತೀರಿ. ಇಲ್ಲಿ ನೀವಾ ಕಡೀಗಿ ಹೋಗಿ ಅಡಗೀರಿ. ಹೊರಗ ಬರ್ರಿ, ಇಲ್ಲಂದ್ರ ಹೆಂಡ್ರ ಕೈಬಳಿ ತೊಟ್ಕೋರಿ."

ಹಚ್ಚೆಯ ಕೆಳಗೆ ನರ ಕಾಣಲಿಲ್ಲ. ಸೂಜಿ ಎಡಗೈಯ ಆ ಬರಿದಾದ ಮಡಿಕೆಗೇ ಹೋಯಿತು. ಆಮೇಲೆ ಭೀಮ್ಯಾ, ನಾಗಮ್ಮ, ನಾನು. ಗಂಡಸರು ಒಬ್ಬೊಬ್ಬರಾಗಿ ಜಾಲಿಯಿಂದ ಎದ್ದರು. ತಾನು ಹೇಳುವವರೆಗೆ ಆ ಗುಳಿಗೆ ಮುಟ್ಟಬೇಡಿ ಎಂದು ಡಾಕ್ಟರಮ್ಮ ಬೇರೆಯದು ಕೊಟ್ಟು ಹೋದಳು.

ತಿರುಗಿ ಬಂದಾಗ, ಭೀಮ್ಯಾನಿಗೆ ಆ ಹಳೆಯ ಗುಳಿಗೆ ಕೊಡಲೇಬಾರದು, ಅವನ ರಕ್ತಕ್ಕೆ ವಿಷ ಎಂದಳು. ನಾಗಮ್ಮ ಮಗನನ್ನು ಅವಚಿಕೊಂಡಳು.

"ಇದು ಎಲ್ಲಿಂದ ಬಂತ್ರಿ? ಅವರಪ್ಪನ ಕಡಿಂದೇನು?" ಮರೆಮ್ಮ ಬಿಡಲಿಲ್ಲ. ಡಾಕ್ಟರಮ್ಮ ಒಳಗೆ ಹೋಗೋಣ ಎಂದಳು. "ಎಲ್ಲಾರ ಮುಂದ ಹೇಳ್ರಿ."

"ತಾಯಿಂದ ಮಗನಿಗೆ ಬರ್ತದವ್ವ. ನಿಮ್ಮಿಂದ ನಾಗಮ್ಮಗ, ಆಕಿಯಿಂದ ಈ ಹುಡುಗಗ. ಮಲ್ಲಪ್ಪಗೂ ನಿಮ್ಮಿಂದನ ಬಂದಿರಬೇಕು."

ಗುಳಿಗೆ ನುಂಗಿಸಿದವಳೂ ಅವಳೇ, ಅದು ವಿಷವಾಗುವ ರಕ್ತ ಕೊಟ್ಟವಳೂ ಅವಳೇ. ಊರನ್ನೇ ಬೈಯುವ ಆ ಬಾಯಿ ತೆರೆದೇ ಇತ್ತು. ನೊಣ ಕೂತರೂ ಓಡಿಸಲಿಲ್ಲ.

"ನಿಮ್ಮ ತಪ್ಪಲ್ಲವ್ವ" ಎಂದಳು ಡಾಕ್ಟರಮ್ಮ.

"ಅದು ನನಗ ಬಿಡ್ರಿ. ಕೊಡೇಕಲ್ಲಿನ್ಯಾಗ ನನ್ನ ತಂಗಿ ಅದಾಳ. ಆಕಿಗೂ ಗಂಡುಹುಡುಗ್ರು ಅದಾರ. ನಿಮ್ಮ ಜೀಪ್ ಆ ಕಡೆ ತಿರುಗಿಸ್ರಿ." ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಮುಂದೆ ಹತ್ತಿ ಕುಳಿತಳು.

ಮರೆಮ್ಮ ತೀರಿಹೋಗಿ ಎರಡು ಮಳೆಗಾಲವಾಯಿತು. ಹೆಗಲು ಕೊಟ್ಟವನು ಭೀಮ್ಯಾ. ಮೈ ತೊಳೆದವರು ನಾನು, ನಾಗಮ್ಮ. ಸೆಟೆದ ಎಡಗೈ ಬಿಡಿಸಿದೆ. ಮಡಿಕೆಯಲ್ಲಿ, ಸೂಜಿ ಹೋದ ಜಾಗದಲ್ಲೇ, ಒಂದು ಹಸಿರು ಚುಕ್ಕೆ. ಹಚ್ಚೆಯವಳನ್ನು ಯಾವಾಗ ಕರೆಸಿದ್ದಳೋ, ಗೋಡೆಯೀಚೆ ಇದ್ದ ನನಗೂ ಗೊತ್ತಾಗಿರಲಿಲ್ಲ.

"ಏನಬೇ ಅದು?" ಎಂದಳು ನಾಗಮ್ಮ.

"ಹಚ್ಚಿ. ಸಂಗಾಟ ಒಯ್ಲಿ. ನೀರ ಹಾಕು" ಎಂದೆ.